ಅವ್ವನಿಗೆ ಗರ್ಭಚೀಲದ ದುರ್ಬೀನ್ ಪರೀಕ್ಷೆ ಹೇಳಿದ್ದಾರೆ, ಮಾಡಿಸಿದವರು ಇದ್ದೀರಾ?

ಶಹಾಬಾದಿ ಕಲ್ಲು · ಕಲಬುರಗಿ

ನಮಸ್ಕಾರ ಎಲ್ಲರಿಗೂ. ನಮ್ಮ ಅವ್ವನ ವಿಷಯ. ವಯಸ್ಸು 58. ಬಿಪಿ, ಶುಗರ್ ಎರಡಕ್ಕೂ ಗುಳಿಗೆ ನುಂಗುತ್ತಾಳೆ. ಮುಟ್ಟು ನಿಂತು ಏಳೆಂಟು ವರ್ಷ ಆಗಿದೆ. ಈಗ ಮತ್ತೆ ರಕ್ತ ಕಾಣಿಸಿಕೊಂಡಿದೆ. ಜಾಸ್ತಿ ಏನಿಲ್ಲ, ಆಗಾಗ ಕಲೆ ಬೀಳುವಷ್ಟು. ತಾನಾಗಿ ಹೇಳಲಿಲ್ಲ. ಬಟ್ಟೆ ಒಗೆಯುವಾಗ ನಮ್ಮ ವೈನಿ ಲಂಗದ ಮೇಲಿನ ಕಲೆ ನೋಡಿ ಕೇಳಿದ್ದಕ್ಕೆ, "ಬಿಸಲಿಗಿ ಉಷ್ಣ ಆಗಿರಬೇಕು ಬಿಡು" ಅಂದಳಂತೆ.

ಮೊದಲು ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನ್ ಮಾಡಿ, ಗರ್ಭಚೀಲದ ಒಳಪದರ 9 ಮಿಲಿಮೀಟರ್ ದಪ್ಪ ಇದೆ ಅಂದರು. ಆಮೇಲಿನ ಮಾತು ಅಲ್ಲಿಗಲ್ಲಿಗೆ ಮುಗಿಯಿತು. "ಈ ವಯಸ್ಸಿನಲ್ಲಿ ಅದನ್ನಿಟ್ಟುಕೊಂಡು ಏನ್ ಮಾಡ್ತೀರಿ? ತೆಗೆಸಿಬಿಡಿ. ಸೋಮವಾರ ಅಡ್ಮಿಟ್ ಆಗಿ." ಏನಾಗಿದೆ ಅಂತ ಕೇಳಿದರೆ, "ತೆಗೆದ ಮೇಲೆ ಲ್ಯಾಬಿಗೆ ಕಳಿಸ್ತೀವಲ್ಲ, ಆಗ ಗೊತ್ತಾಗ್ತದೆ" ಅಂದರು. ನನಗೆ ಯಾಕೋ ಸರಿ ಅನ್ನಿಸಲಿಲ್ಲ. ಫೈಲ್ ಎತ್ತಿಕೊಂಡು ಬಂದುಬಿಟ್ಟೆ.

ಆಮೇಲೆ ಸರ್ಕಾರಿ ಆಸ್ಪತ್ರೆಗೆ ತೋರಿಸಿದೆವು. ಅಲ್ಲಿನ ಮೇಡಂ ಬೇರೆಯೇ ಹೇಳಿದರು. ಮೊದಲು ಹಿಸ್ಟರೋಸ್ಕೋಪಿ, ಅಂದರೆ ಕ್ಯಾಮೆರಾ ಹಾಕಿ ಒಳಗೆ ನೋಡೋದು. ಜೊತೆಗೆ ಬಯಾಪ್ಸಿ, ಅಂದರೆ ಒಳಪದರದ ತುಂಡು ತೆಗೆದು ಲ್ಯಾಬಿಗೆ ಕಳಿಸೋದು. ಅದರ ರಿಪೋರ್ಟ್ ಬಂದ ಮೇಲೆ ಮುಂದಿನ ಮಾತು.

ಅಣ್ಣ ಸೋಲಾಪುರಕ್ಕೆ ಹೋಗೋಣ ಅಂತಾನೆ. ವೈನಿ, ಹೇಗೂ ತೆಗೆಯೋದಾದರೆ ಎರಡೆರಡು ಸಲ ಯಾಕೆ ಆ ಜೀವಕ್ಕೆ ಕಷ್ಟ ಅಂತಾಳೆ. ಅವ್ವ ಮಾತ್ರ, "ಈ ವಯಸ್ಸಿನಾಗ ಅಲ್ಲಿ ಕ್ಯಾಮೆರಾ ಹಾಕ್ತಾರಂತ! ನಾ ಒಲ್ಲೆ ತಗಿ" ಅಂತ ಮುಖ ತಿರುಗಿಸಿ ಕೂತಿದ್ದಾಳೆ.

ಇದನ್ನು ಮಾಡಿಸಿದವರು ಹೇಳಿ. ತುಂಬಾ ನೋವಾಗುತ್ತದಾ? ಪ್ರಜ್ಞೆ ತಪ್ಪಿಸುತ್ತಾರಾ? ನಿಜವಾಗಲೂ ಇದು ಬೇಕಾ?


ಓಟಿ ಸಿಸ್ಟರ್ · ಬೀದರ್

ಬೇಕು ತಂಗಿ. ನಾನು ಓಟಿಯಲ್ಲಿ ಕೆಲಸ ಮಾಡುವವಳು. ಡಾಕ್ಟರ್ ಅಲ್ಲ, ಹಾಗಾಗಿ ಚಿಕಿತ್ಸೆ ನಿರ್ಧಾರ ನಿಮ್ಮ ಮೇಡಮ್ಮಿನದೇ. ಆದರೆ ಈ ಕೇಸು ದಿನಾ ನೋಡುತ್ತೇನೆ, ಗೊತ್ತಿದ್ದದ್ದು ಹೇಳುತ್ತೇನೆ.

ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು. ಉಷ್ಣ, ಬಿಸಿಲು ಎಲ್ಲ ಬಿಡಿ. ಹಾಗಂತ ರಕ್ತ ಕಂಡ ಕೂಡಲೇ ಕ್ಯಾನ್ಸರ್ ಅಂತ ಅಳುತ್ತಾ ಕೂರಬೇಡಿ. ಹೀಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. ಪದರ ಒಣಗಿ ತೆಳ್ಳಗಾಗಿರುತ್ತದೆ, ಇಲ್ಲವೇ ಪಾಲಿಪ್ ಅನ್ನುವ ಸಣ್ಣ ಗಂಟು ಬೆಳೆದಿರುತ್ತದೆ, ಇಲ್ಲವೇ ಪದರ ಸುಮ್ನೆ ದಪ್ಪ ಆಗಿರುತ್ತದೆ. ಉಳಿದ ಆ ಒಬ್ಬರು ಯಾರು ಅಂತ ಹೊರಗಿನಿಂದ ಹೇಳಲು ಬರುವುದಿಲ್ಲ. ಸ್ಕ್ಯಾನ್ ದಪ್ಪ ಎಷ್ಟು ಅನ್ನುವುದನ್ನು ತೋರಿಸುತ್ತದೆ, ಆ ದಪ್ಪ ಯಾವುದರಿಂದ ಆಗಿದೆ ಅಂತ ಹೇಳುವುದಿಲ್ಲ. ಮುಟ್ಟು ನಿಂತವರಿಗೆ ರಕ್ತ ಬಂದು, ಪದರ 4 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ತುಂಡು ತೆಗೆದು ಪರೀಕ್ಷೆ ಮಾಡಬೇಕು. ನಿಮ್ಮ ಅವ್ವನದು 9.

ಈಗ ನಿಮ್ಮ ವೈನಿಯ ಪ್ರಶ್ನೆ, ಹೇಗೂ ತೆಗೆಯೋದಾದರೆ ಅನ್ನೋದು. ಹೇಗೂ ತೆಗೆಯಬೇಕು ಅಂತ ಇನ್ನೂ ಯಾರಿಗೂ ಗೊತ್ತಾಗಿಲ್ಲವಲ್ಲ! ಪಾಲಿಪ್ ಆಗಿದ್ದರೆ ಅಷ್ಟನ್ನೇ ತೆಗೆದು ಅದೇ ದಿನ ಮನೆಗೆ ಕಳಿಸುತ್ತಾರೆ. ಒಂದು ವೇಳೆ ಕ್ಯಾನ್ಸರೇ ಆಗಿದ್ದರೆ ಮೊದಲೇ ಗೊತ್ತಾಗುವುದು ಇನ್ನೂ ಮುಖ್ಯ. ಆಗ ಮಾಡುವ ಆಪರೇಷನ್ ಬೇರೆ ರೀತಿಯದು. ಗರ್ಭಚೀಲದ ಜೊತೆ ಅಂಡಾಶಯ, ಅಂಡನಾಳ ತೆಗೆಯಬೇಕು. ಕಾಯಿಲೆ ಎಲ್ಲಿಯವರೆಗೆ ಹಬ್ಬಿದೆ ಅಂತ ಒಳಗಿನ ಗ್ರಂಥಿಗಳನ್ನೂ ನೋಡಬೇಕಾಗಬಹುದು. ಅದನ್ನು ಮಾಡುವ ಸರ್ಜನ್ ಬೇರೆ. ಸುಮ್ನೆ ತೆಗೆದು, ಆಮೇಲೆ ಲ್ಯಾಬಿನಿಂದ ಕ್ಯಾನ್ಸರ್ ಅಂತ ಬಂದರೆ ಮತ್ತೊಮ್ಮೆ ಹೊಟ್ಟೆ ಕೊಯ್ಯಿಸಿಕೊಳ್ಳುವ ಪಾಡು ಬರಬಹುದು. "ತೆಗೆದ ಮೇಲೆ ಗೊತ್ತಾಗ್ತದೆ" ಅನ್ನುವುದು ನಿಮ್ಮ ಅವ್ವನ ವಿಷಯದಲ್ಲಿ ತಲೆಕೆಳಗಾದ ಲೆಕ್ಕ.

ಇನ್ನು ಒಳಗೆ ಏನು ಮಾಡುತ್ತಾರೆ ಅಂತ ಹೇಳುತ್ತೇನೆ. ಹೊಟ್ಟೆ ಮೇಲೆ ಗಾಯ ಇಲ್ಲ, ಹೊಲಿಗೆ ಇಲ್ಲ. ಹೆರಿಗೆಗೆ ಮಲಗಿಸುವ ಹಾಗೆ ಕಾಲು ಮೇಲಿಟ್ಟು ಮಲಗಿಸುತ್ತೇವೆ. ಸೊಂಟದಿಂದ ಪಾದದವರೆಗೆ ಹಸಿರು ಬಟ್ಟೆ ಮುಚ್ಚಿರುತ್ತದೆ. ಬರೀ ನೋಡುವುದಕ್ಕಾದರೆ 3-4 ಮಿಲಿಮೀಟರ್ ದಪ್ಪದ ನಳಿಕೆ ಸಾಕು. ಅದರ ತುದಿಗೆ ಬೆಳಕು, ಹಿಂದೆ ಕ್ಯಾಮೆರಾ. ಅದು ಗರ್ಭಚೀಲದ ಬಾಯಿಯಿಂದ ಒಳಗೆ ಹೋಗುತ್ತದೆ. ಗರ್ಭಚೀಲದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹಾಗೇ ನೋಡಿದರೆ ಏನೂ ಕಾಣಲ್ಲ. ಅದಕ್ಕೇ ಸಲೈನ್ ನೀರು ಬಿಡುತ್ತೇವೆ. ಗೋಡೆ ಸರಿದು ಜಾಗ ಆಗುತ್ತದೆ. ಪರದೆ ಮೇಲೆ ಎರಡೂ ಮೂಲೆಯಲ್ಲಿ ಅಂಡನಾಳಗಳ ಸಣ್ಣ ಬಾಯಿ ಕಂಡವು ಅಂದರೆ, ಡಾಕ್ಟರು ಪೂರ್ತಿ ಒಳಗೆ ತಲುಪಿದ್ದಾರೆ ಅಂತ ಅರ್ಥ. ಅಲ್ಲಿಂದ ಸುತ್ತ ನೋಡುತ್ತಾ ಬರುತ್ತಾರೆ.

ಆ ಹೊತ್ತಿನಲ್ಲಿ ನನ್ನ ಕೆಲಸ ನೀರಿನ ಲೆಕ್ಕ ಇಡುವುದು. ಎಷ್ಟು ಒಳಗೆ ಹೋಯಿತು, ಡಬ್ಬಿಗೆ ಎಷ್ಟು ವಾಪಸ್ ಬಂತು, ವ್ಯತ್ಯಾಸ ಎಷ್ಟು ಅಂತ ಕೂಗಿ ಹೇಳುತ್ತಿರಬೇಕು. ಉಳಿದ ನೀರು ರಕ್ತಕ್ಕೆ ಸೇರಿರುತ್ತದೆ. ಆರೋಗ್ಯವಂತರಲ್ಲೂ ಸಲೈನಿನ ವ್ಯತ್ಯಾಸ 2,500 ಮಿಲಿ ಮುಟ್ಟಿದರೆ ಕೆಲಸ ನಿಲ್ಲಿಸುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಅದಕ್ಕಿಂತ ಮೊದಲೇ. ದೊಡ್ಡ ಗಂಟು ಕೊರೆಯುವಾಗ ಇದು ತಲೆನೋವಿನ ವಿಷಯ. ಬರೀ ನೋಡಿ ತುಂಡು ತೆಗೆಯುವ ಕೆಲಸದಲ್ಲಿ ಅಷ್ಟೆಲ್ಲ ನೀರು ಹೋಗುವುದೇ ಇಲ್ಲ.

ನೋಡುವುದಕ್ಕೆ ಹತ್ತು-ಹದಿನೈದು ನಿಮಿಷ. ಪಾಲಿಪ್ ತೆಗೆಯುವುದಿದ್ದರೆ ಇನ್ನಷ್ಟು ಹೊತ್ತು. ಕೆಲವು ಕಡೆ ಎಚ್ಚರ ಇದ್ದಾಗಲೇ ಮಾಡುತ್ತಾರೆ, ಒಂದು ತಾಸು ಮೊದಲು ನೋವಿನ ಗುಳಿಗೆ ಕೊಟ್ಟಿರುತ್ತಾರೆ. ಮುಟ್ಟಿನ ನೋವಿನ ಹಾಗೆ ಕಿಬ್ಬೊಟ್ಟೆ ಹಿಂಡುತ್ತದೆ. ಕೆಲವರಿಗೆ ಏನೂ ಅನ್ನಿಸಲ್ಲ, ಕೆಲವರಿಗೆ ಜೋರಾಗಿಯೇ ನೋಯುತ್ತದೆ. ತಡೆಯಲಾಗದಿದ್ದರೆ "ನಿಲ್ಲಿಸಿ" ಅನ್ನಬಹುದು, ಅದಕ್ಕೆ ನಾಚಿಕೆ ಬೇಡ. ಮುಟ್ಟು ನಿಂತವರಿಗೆ ಗರ್ಭಚೀಲದ ಬಾಯಿ ಬಿಗಿಯಾಗಿರುತ್ತದೆ. ಅದಕ್ಕೇ ನಿಮ್ಮ ಅವ್ವನಂಥವರಿಗೆ ಹೆಚ್ಚಾಗಿ ಸ್ವಲ್ಪ ಹೊತ್ತು ಮಂಪರು ಬರಿಸಿ ಮಾಡುತ್ತಾರೆ.

ಅಪಾಯ ಇಲ್ಲವೇ ಇಲ್ಲ ಅಂತ ಹೇಳಲ್ಲ. ಗೋಡೆಗೆ ತೂತು ಬೀಳಬಹುದು, ಸೋಂಕು ಆಗಬಹುದು. ಎರಡೂ ಅಪರೂಪ.


ಚಿಂಚೋಳಿ ಮಾಸ್ತರ · ಕಲಬುರಗಿ ಜಿಲ್ಲೆ

ತಂಗಿ, ಫೈಲ್ ಎತ್ತಿಕೊಂಡು ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಜಿಲ್ಲೆಯ ಕಥೆ ನಿಮಗೆ ನೆನಪಿರಬೇಕು. 2017ರಲ್ಲಿ ತಾಂಡಾಗಳ ಹೆಣ್ಣುಮಕ್ಕಳು ಕಲಬುರಗಿ ಡಿಸಿ ಆಫೀಸಿನ ಮುಂದೆ ಬಂದು ಕೂತಿದ್ದರು. ಹೊಟ್ಟೆನೋವು, ಬಿಳುಪು ಹೋಗುತ್ತದೆ ಅಂತ ಹೋದವರಿಗೆ ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿ ಗರ್ಭಚೀಲ ತೆಗೆದಿದ್ದರು ಅನ್ನುವುದು ಅವರ ದೂರು. ಅದರಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರೇ ಜಾಸ್ತಿ. ಎಷ್ಟೋ ಜನಕ್ಕೆ ನಲವತ್ತು ಕೂಡ ಆಗಿರಲಿಲ್ಲ. ನಾನು ಪಾಠ ಮಾಡುವ ಶಾಲೆಯ ಮಕ್ಕಳ ತಾಯಂದಿರಲ್ಲೂ ಅಂಥವರು ಇದ್ದಾರೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರು. ಸೊಂಟ ಹಿಡಿದುಕೊಂಡು ಓಡಾಡುತ್ತಾರೆ.

ಬೇರೆ ರಾಜ್ಯಗಳಲ್ಲೂ ಇದೇ ಹಾಡು. ಬಿಹಾರ, ಛತ್ತೀಸಗಢ, ರಾಜಸ್ಥಾನದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ ಮಾಡಿರುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ 2023ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿತು.

ಹಾಗಾಗಿ ನನ್ನ ಮಾತು ಇಷ್ಟೇ. ಯಾರು ಏನೇ ಹೇಳಲಿ, ತೆಗೆಸಲು ಒಪ್ಪಲೇಬೇಡಿ.


ಓಟಿ ಸಿಸ್ಟರ್ · ಬೀದರ್

ಮಾಸ್ತರೇ, ನಿಮ್ಮ ಸಿಟ್ಟು ನನಗೂ ಇದೆ. ಆದರೆ ಕೊನೆಯ ಮಾತು ಒಪ್ಪಲ್ಲ. ಆ ತಾಯಂದಿರ ಕಥೆ ಬೇರೆ, ಇವರ ಅವ್ವನದು ಬೇರೆ. ಮೂವತ್ತು ವರ್ಷದ ಹೆಂಗಸು ಬಿಳುಪು ಅಂತ ಬಂದರೆ ಗುಳಿಗೆಯಲ್ಲಿ ಹೋಗುವ ಕಾಯಿಲೆ ಅದು. 58ರಲ್ಲಿ ರಕ್ತ ಕಾಣಿಸಿದರೆ ಹಾಗಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದರೆ, ಅಥವಾ ಜೀವಕೋಶಗಳು ಕೆಟ್ಟ ದಾರಿ ಹಿಡಿದಿವೆ ಅಂತ ಬಂದರೆ, ತೆಗೆಸುವುದೇ ಸರಿಯಾದ ಚಿಕಿತ್ಸೆ. "ಒಪ್ಪಲೇಬೇಡಿ" ಅಂತ ಕೇಳಿಕೊಂಡು ಮನೆಯಲ್ಲಿ ಕೂತು, ಕೈಮೀರಿದ ಮೇಲೆ ಬಂದವರನ್ನೂ ನೋಡಿದ್ದೇನೆ. ಈ ಕ್ಯಾನ್ಸರ್ ಬೇಗ ಸಿಕ್ಕರೆ ಬಹಳ ಮಟ್ಟಿಗೆ ವಾಸಿಯಾಗುವಂಥದ್ದು. ರಕ್ತ ಕಂಡು ಮೊದಲೇ ಸುಳಿವು ಕೊಡುತ್ತದೆ, ಅದೊಂದು ಪುಣ್ಯ. ನೋಡದೆ ತೆಗೆಯುವುದೂ ತಪ್ಪು, ನೋಡದೆ ಬಿಡುವುದೂ ತಪ್ಪು.

ಒಂದು ಸ್ವಾರಸ್ಯದ ಸಂಗತಿ. ಈ ಪರೀಕ್ಷೆಗೆ ಒಳಗಾದ ಮೊದಲ ರೋಗಿ ಅಂತ ದಾಖಲಾಗಿರುವುದೂ ಇಂಥದ್ದೇ ಒಬ್ಬ ಅಜ್ಜಿ. 1869ರಲ್ಲಿ ಪ್ಯಾಂಟಲಿಯೋನಿ ಅನ್ನುವ ವೈದ್ಯರು ವರದಿ ಮಾಡಿದ ಕೇಸು. 60 ವರ್ಷದ ಹೆಂಗಸು, ಮುಟ್ಟು ನಿಂತ ಮೇಲೆ ರಕ್ತ. ನಳಿಕೆ ಹಾಕಿ ನೋಡಿದರೆ ಒಳಗೆ ಪಾಲಿಪ್. ಸಿಲ್ವರ್ ನೈಟ್ರೇಟ್ ಹಚ್ಚಿ ಸುಟ್ಟರಂತೆ. ಆಗ ಕ್ಯಾಮೆರಾ ಇಲ್ಲ, ಟಿವಿ ಇಲ್ಲ, ದೀಪದ ಬೆಳಕಲ್ಲಿ ಕಣ್ಣಿಟ್ಟು ನೋಡಿದ್ದು. ನಿಮ್ಮ ಅವ್ವನಿಗೆ ಇದನ್ನೂ ಹೇಳಿ. ಅವಳೇ ಮೊದಲನೆಯವಳಲ್ಲ.


ಗುರುಮಠಕಲ್ ಹುಡುಗಿ · ಯಾದಗಿರಿ

ನಾನು ಮಾಡಿಸಿಕೊಂಡಿದ್ದೇನೆ ಅಕ್ಕಾ, ಆದರೆ ಕಾರಣ ಬೇರೆ. ಮದುವೆಯಾಗಿ ಮಕ್ಕಳಾಗಿರಲಿಲ್ಲ. ಬಣ್ಣದ ಔಷಧಿ ಹಾಕಿ ತೆಗೆಯುವ ಎಕ್ಸ್‌ರೇಯಲ್ಲಿ ಗರ್ಭಚೀಲದ ಒಳಗೆ ಒಂದು ಕಡೆ ಬಣ್ಣ ತುಂಬಿರಲಿಲ್ಲ. ನಮಗೆ ಹೈದರಾಬಾದ್ ಹತ್ತಿರ ಅಂತ ಅಲ್ಲಿಗೆ ಹೋದೆವು.

ನಮ್ಮಂಥ ಮುಟ್ಟಾಗುವವರಿಗೆ ದಿನ ನೋಡಿ ಕರೆಯುತ್ತಾರೆ. ಮುಟ್ಟು ಮುಗಿದ ಮೇಲಿನ ನಾಲ್ಕೈದು ದಿನ ಒಳ್ಳೆಯದು. ಆಗ ಪದರ ತೆಳ್ಳಗಿರುತ್ತದೆ, ಚೆನ್ನಾಗಿ ಕಾಣುತ್ತದೆ, ಬಸಿರಿನ ಅನುಮಾನವೂ ಇರುವುದಿಲ್ಲ. ಆದರೂ ಮೂತ್ರ ಪರೀಕ್ಷೆ ಮಾಡಿಯೇ ಒಳಗೆ ಬಿಟ್ಟರು. ಬಸಿರಿದ್ದರೆ, ಒಳಗೆ ಸೋಂಕಿದ್ದರೆ ಮಾಡುವುದಿಲ್ಲವಂತೆ. ನಿಮ್ಮ ಅವ್ವನಿಗೆ ಈ ದಿನದ ಲೆಕ್ಕ ಇಲ್ಲ.

ನನಗೆ ಎಚ್ಚರ ಇತ್ತು. ಪರದೆ ನನ್ನ ಎಡಗಡೆಗೆ ಇತ್ತು. ಮೊದಲು ಮಂಜು ಮಂಜು. ನೀರು ಬಿಟ್ಟ ಮೇಲೆ ತಿಳಿಯಾಯಿತು, ಒಳಗೆಲ್ಲ ತಿಳಿಗೆಂಪು. ಮಧ್ಯೆ ಬೆಳ್ಳಗೆ ಎಳೆ ಎಳೆಯಾಗಿ ಗೋಡೆಯಿಂದ ಗೋಡೆಗೆ ಅಂಟಿಕೊಂಡಿದ್ದು ನನಗೇ ಕಾಣಿಸಿತು. ಮೇಡಂ ಅದೇ ನಳಿಕೆಯೊಳಗಿಂದ ಸಣ್ಣ ಕತ್ತರಿ ತೂರಿಸಿ ಒಂದೊಂದೇ ಕತ್ತರಿಸಿದರು. ಹಿಂದೊಮ್ಮೆ ಬಸಿರು ನಿಲ್ಲದೆ ಕ್ಲೀನಿಂಗ್ ಮಾಡಿಸಿದ್ದೆ, ಅದರಿಂದ ಹಾಗಾಗಿರಬಹುದು ಅಂದರು. ಕತ್ತರಿಸಿದಾಗ ಅಷ್ಟು ನೋವಾಗಲಿಲ್ಲ. ನಳಿಕೆ ಗರ್ಭಚೀಲದ ಬಾಯಿ ದಾಟುವಾಗ ಮಾತ್ರ ಒಂದು ಸಲ ಜೀವ ಝಲ್ ಅಂದಿತು. ಎದ್ದ ಮೇಲೆ ತಲೆ ಸುತ್ತಿ ಬಂತು, ಸ್ವಲ್ಪ ಹೊತ್ತು ಮಲಗಿಸಿ ಕಳಿಸಿದರು. ಒಬ್ಬರೇ ಹೋಗಬೇಡಿ.

ಇನ್ನೊಂದು. ನನಗೆ ಟಿಬಿ ಪರೀಕ್ಷೆಗೂ ತುಂಡು ತೆಗೆದಿದ್ದರು. ನಮ್ಮ ಕಡೆ ಗರ್ಭಚೀಲದ ಟಿಬಿ ಕೂಡ ಬಂಜೆತನಕ್ಕೆ ಒಂದು ಕಾರಣ. ಬೇರೆ ತುಂಡು ಕೆಡದ ಹಾಗೆ ಹಾಕುವ ಫಾರ್ಮಲಿನ್ ದ್ರವವನ್ನು ಆ ಟಿಬಿ ಬಾಟಲಿಗೆ ಹಾಕಬಾರದು, ಸಲೈನಿನಲ್ಲೇ ಕಳಿಸಬೇಕು, ಇಲ್ಲದಿದ್ದರೆ ಕ್ರಿಮಿ ಸತ್ತು ಕಲ್ಚರ್ ಬೆಳೆಯುವುದಿಲ್ಲ ಅಂತ ಸಿಸ್ಟರ್ ನಮ್ಮ ಯಜಮಾನರಿಗೆ ಎರಡೆರಡು ಸಲ ಹೇಳಿದರು. ನನ್ನದು ಟಿಬಿ ಇಲ್ಲ ಅಂತ ಬಂತು. ಈಗ ಪದರ ಬೆಳೆಯಲು ಗುಳಿಗೆ ನಡೆದಿದೆ.


ಶಹಾಬಾದಿ ಕಲ್ಲು · ಕಲಬುರಗಿ

ಸಿಸ್ಟರ್ ಅಕ್ಕಾ, ನಿಮ್ಮ ಉತ್ತರವನ್ನು ವೈನಿ ಅವ್ವನಿಗೆ ಓದಿ ಹೇಳಿದಳು. ಆ 60 ವರ್ಷದ ಅಜ್ಜಿಯ ಕಥೆಗೆ ಕಿವಿ ನೆಟ್ಟಗೆ ಮಾಡಿದಳು. ಆದರೆ ಈಗ ಹೊಸ ತಕರಾರು. ಓಟಿಯಲ್ಲಿ ಬಳೆ ಬಿಚ್ಚಿಸುತ್ತಾರೆ ಅಂತ ಯಾರೋ ಹೇಳಿದ್ದಾರೆ. "ಗಂಡ ಗಟ್ಟಿಮುಟ್ಟಾಗಿ ಕುಂತಾನ, ನಾ ಯಾಕ ಬಳಿ ಒಡಸಲಿ?" ಅಂತಾಳೆ. ಇನ್ನೊಂದು ಪ್ರಶ್ನೆ. ಹೋದ ವರ್ಷ ಕ್ಯಾಂಪಿನಲ್ಲಿ ಪ್ಯಾಪ್ ಟೆಸ್ಟ್ ಮಾಡಿಸಿದ್ದೆವು, ನಾರ್ಮಲ್ ಬಂದಿತ್ತು. ಅದು ಲೆಕ್ಕಕ್ಕಿಲ್ಲವಾ?


ಓಟಿ ಸಿಸ್ಟರ್ · ಬೀದರ್

ಬಳೆ ಯಾರೂ ಒಡೆಸಲ್ಲ! ಗಾಜಿನ ಬಳೆಯಿಂದ ಕರೆಂಟ್ ಹಾಯುವುದಿಲ್ಲ. ಸಲೈನ್ ಸೂಜಿ ಚುಚ್ಚುವ ಕೈಯಲ್ಲಿ ಅಡ್ಡ ಬರದ ಹಾಗೆ ಮೇಲಕ್ಕೆ ಸರಿಸಿ ಪಟ್ಟಿ ಸುತ್ತುತ್ತೇವೆ. ತೊಂದರೆ ಇರುವುದು ಲೋಹದ್ದು. ಕಾಲುಂಗುರ, ಬಂಗಾರದ ತಾಳಿ, ಕಿವಿಯೋಲೆ. ಕರೆಂಟಿನಿಂದ ಕತ್ತರಿಸುವ ಯಂತ್ರ ಬಳಸಿದರೆ ಲೋಹ ತಾಗಿದ ಕಡೆ ಸುಡುವ ಭಯ. ಬಹಳ ಜನ ಆ ಹೊತ್ತಿಗೆ ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬರುತ್ತಾರೆ. ಅವ್ವನಿಗೂ ಅದನ್ನೇ ಮಾಡಿ. ಬಂಗಾರ ಮನೆಯಲ್ಲೇ ಇಟ್ಟು ಬನ್ನಿ, ಆಸ್ಪತ್ರೆಯಲ್ಲಿ ಕಾಯುವವರು ಯಾರು?

ಪ್ಯಾಪ್ ಟೆಸ್ಟ್ ಗರ್ಭಚೀಲದ ಬಾಯಿಯ ಕ್ಯಾನ್ಸರಿಗೆ. ಒಳಪದರದ ವಿಷಯ ಅದರಿಂದ ಗೊತ್ತಾಗಲ್ಲ. ನಾರ್ಮಲ್ ಬಂದಿದೆ ಅಂತ ಇದನ್ನು ಬಿಡುವ ಹಾಗಿಲ್ಲ.

ಸಹಿ ಮಾಡುವ ಮೊದಲು ಒಪ್ಪಿಗೆ ಪತ್ರ ಓದಿ. ಹಿಸ್ಟರೋಸ್ಕೋಪಿ, ಬಯಾಪ್ಸಿ, ಪಾಲಿಪ್ ಇದ್ದರೆ ತೆಗೆಯುವುದು, ಇಷ್ಟೇ ಇರಬೇಕು. ಹಿಸ್ಟರೆಕ್ಟಮಿ ಅಂತ ಬರೆದಿದ್ದರೆ ಅದು ಗರ್ಭಚೀಲ ತೆಗೆಯುವ ಆಪರೇಷನ್. ಹೆಸರು ಎರಡೂ ಒಂದೇ ಥರ ಕೇಳಿಸುತ್ತವೆ, ಹುಷಾರು. ಕ್ಯಾಮೆರಾ ಇಲ್ಲದೆ ಬರೀ ಕ್ಯುರೆಟಿಂಗ್ ಮಾಡುತ್ತೇವೆ ಅಂದರೆ ಯಾಕೆ ಅಂತ ಕೇಳಿ. ಕಣ್ಣಿಲ್ಲದೆ ಕೆರೆಯುವಾಗ ಪಾಲಿಪ್ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುತ್ತದೆ. ಶುಗರ್ ಗುಳಿಗೆ ಆ ದಿನ ಬೆಳಿಗ್ಗೆ ನುಂಗಬೇಕಾ ಬೇಡವಾ ಅಂತ ಅರಿವಳಿಕೆ ಡಾಕ್ಟರನ್ನೇ ಕೇಳಿ. ಉಪವಾಸ ಇದ್ದು ಗುಳಿಗೆ ನುಂಗಿದರೆ ಶುಗರ್ ಇಳಿದುಬಿಡಬಹುದು. ಮಹಿಳಾ ಡಾಕ್ಟರೇ ಬೇಕು ಅಂತ ಮೊದಲೇ ಹೇಳಿಕೊಳ್ಳಬಹುದು. ಅದೇನು ತಪ್ಪಲ್ಲ.


ಶಹಾಬಾದಿ ಕಲ್ಲು · ಕಲಬುರಗಿ

ಆಯಿತು! ಸೋಲಾಪುರಕ್ಕೆ ಹೋಗಲಿಲ್ಲ, ಇಲ್ಲೇ ಮಾಡಿಸಿದೆವು. ಮೇಡಂ ಪರದೆ ಮೇಲಿನ ಫೋಟೋ ತೋರಿಸಿದರು. ಒಂದೇ ಪಾಲಿಪ್, ಮೇಲಿನ ಗೋಡೆಗೆ ತೊಟ್ಟಿನಿಂದ ಜೋತುಬಿದ್ದಿತ್ತು. ಬುಡಸಹಿತ ತೆಗೆದಿದ್ದಾರೆ. ಪದರದ ತುಂಡನ್ನೂ ಬೇರೆ ತೆಗೆದಿದ್ದಾರೆ.

ಲ್ಯಾಬಿಗೆ ಬಾಟಲಿ ನಾನೇ ಒಯ್ಯಬೇಕಾಯಿತು. ಎರಡು ಪ್ಲಾಸ್ಟಿಕ್ ಬಾಟಲಿ, ಒಂದರ ಮೇಲೆ ಪಾಲಿಪ್, ಇನ್ನೊಂದರ ಮೇಲೆ ಪದರ ಅಂತ ಪಟ್ಟಿ ಅಂಟಿಸಿ, ಅವ್ವನ ಹೆಸರು, ವಯಸ್ಸು ಬರೆದಿದ್ದರು. ನೆನೆಸಿದ ತೊಗರಿಕಾಳಿನಷ್ಟಿತ್ತು, ಅಷ್ಟೇ. ಇಷ್ಟಕ್ಕೆ ಇಡೀ ಚೀಲ ತೆಗೆಯಲು ಹೊರಟಿದ್ದರಲ್ಲ ಅಂತ ಅಣ್ಣ ಆಟೋದಲ್ಲಿ ಬೈಯುತ್ತಲೇ ಬಂದ. ಫಾರ್ಮಲಿನ್ ವಾಸನೆ ಕಣ್ಣು ಉರಿಸುತ್ತದೆ, ಮುಚ್ಚಳ ಗಟ್ಟಿ ಇದೆಯಾ ನೋಡಿಕೊಳ್ಳಿ. ಲ್ಯಾಬಿನವ ಎರಡೂ ಬಾಟಲಿಗೆ ಒಂದೇ ಚೀಟಿ ಬರೆಯಲು ಹೋದ, ನಾನು ಬಿಡಲಿಲ್ಲ.

ರಿಪೋರ್ಟ್ ಬಂದಿದೆ. ಪಾಲಿಪ್, ಕ್ಯಾನ್ಸರ್ ಲಕ್ಷಣ ಇಲ್ಲ. ಪದರದಲ್ಲೂ ಏನಿಲ್ಲ. ಅವ್ವನಿಗೆ ಆ ದಿನ ಸ್ವಲ್ಪ ಹೊಟ್ಟೆ ಹಿಂಡಿತು, ಒಂದೆರಡು ದಿನ ಕಲೆ ಇತ್ತು. ಈಗ ಬಳೆ ಒಂದೂ ಒಡೆಯಲಿಲ್ಲ ಅಂತ ಓಣಿಯವರಿಗೆಲ್ಲ ಹೇಳುತ್ತಾಳೆ. ಏನು ಪರೀಕ್ಷೆ ಅಂತ ಮಾತ್ರ ಹೇಳಲ್ಲ.


ಓಟಿ ಸಿಸ್ಟರ್ · ಬೀದರ್

ಸಂತೋಷ. ಒಂದು ವಾರ ಭಾರ ಎತ್ತುವುದು ಬೇಡ. ಜ್ವರ ಬಂದರೆ, ವಾಸನೆಯ ಸ್ರಾವ ಹೋದರೆ, ಪ್ಯಾಡ್ ತುಂಬುವಷ್ಟು ರಕ್ತ ಹೋದರೆ ಅಂದೇ ತೋರಿಸಿ. ಆ ಫೋಟೋ, ರಿಪೋರ್ಟ್ ಎರಡನ್ನೂ ಜೋಪಾನವಾಗಿ ಇಡಿ. ಮುಂದೆ ಯಾವಾಗಾದರೂ ಮತ್ತೆ ರಕ್ತ ಕಂಡರೆ "ಹೋದ ಸಲ ಪಾಲಿಪ್ ಇತ್ತಲ್ಲ, ಇದೂ ಅದೇ" ಅಂತ ಸುಮ್ಮನಿರಬಾರದು. ಮತ್ತೆ ಮೊದಲಿನಿಂದ ನೋಡಿಸಬೇಕು.


ಹುಮನಾಬಾದ್ ಸೊಸೆ · ಬೀದರ್ ಜಿಲ್ಲೆ

ಸಿಸ್ಟರ್, ನಮ್ಮ ಅತ್ತೆಗೂ ಇದನ್ನೇ ಹೇಳಿದ್ದಾರೆ. ಅವರಿಗೆ ಹೃದಯದಲ್ಲಿ ಸ್ಟೆಂಟ್ ಇದೆ, ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಾರೆ. ಮೊದಲೇ ನಿಲ್ಲಿಸಬೇಕಾ?


ಓಟಿ ಸಿಸ್ಟರ್ · ಬೀದರ್

ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಇದ್ದವರು ಗುಳಿಗೆ ಬಿಟ್ಟರೆ ಅದು ಕಟ್ಟಿಕೊಳ್ಳುವ ಅಪಾಯ ಇದೆ. ಹೃದಯದ ಡಾಕ್ಟರಿಗೆ ಈ ಪರೀಕ್ಷೆಯ ಚೀಟಿ ತೋರಿಸಿ, ಯಾವುದು ಮುಂದುವರಿಸಬೇಕು, ಯಾವುದು ಎಷ್ಟು ದಿನ ಬಿಡಬೇಕು ಅಂತ ಬರೆಸಿಕೊಂಡು ಬನ್ನಿ. ಸ್ಟೆಂಟ್ ಯಾವ ತಿಂಗಳು ಹಾಕಿದ್ದು ಅನ್ನುವ ಡಿಸ್ಚಾರ್ಜ್ ಕಾರ್ಡ್ ಕೂಡ ಜೊತೆಗೆ ತನ್ನಿ. ಅರಿವಳಿಕೆ ಡಾಕ್ಟರು ಮೊದಲು ಕೇಳುವುದೇ ಅದನ್ನು.